ಕೆಂಪು ದೀಪ ಸೈಕಲ್ಲಿಗೂ ಉಂಟು



ಉಳಿತಾಯ, ಸಾಲ ಮರುಪಾವತಿ, ಲೆಕ್ಕಪುಸ್ತಕ ಇವುಗಳ ಬಗ್ಗೆ ಸಂಘದ ಸಭೆಯಲ್ಲಿ ಆಗಾಗ ಮಾತಾಡುತ್ತೇವೆ. ಈ ಸಲ ಸೈಕಲ್ ವಿಷಯ ತೆಗೆದುಕೊಳ್ಳೋಣ. "ಸೈಕಲ್ ಬಗ್ಗೇನೂ ಒಂದು ಪಾಠವಾ?" ಅಂತ ನಗಬೇಡಿ. ನಮ್ಮ ಮಕ್ಕಳು ಶಾಲೆಗೆ, ಯಜಮಾನರು ಗಾರೆ ಕೆಲಸಕ್ಕೆ, ಹಾಲಿನವರು ಡೈರಿಗೆ ಹೋಗುವುದು ಸೈಕಲ್ ಮೇಲೆಯೇ. 2006-07ರಲ್ಲಿ ರಾಜ್ಯ ಸರ್ಕಾರ ಎಂಟನೇ ತರಗತಿ ಮಕ್ಕಳಿಗೆ ಉಚಿತ ಸೈಕಲ್ ಕೊಡಲು ಶುರು ಮಾಡಿತು. ಎಷ್ಟೋ ಹೆಣ್ಣುಮಕ್ಕಳು ಹೈಸ್ಕೂಲ್ ಬಿಡದೆ ಓದಿದ್ದು ಆ ಸೈಕಲ್ಲಿನಿಂದ. ಸೈಕಲ್ ಬಂತು, ಆದರೆ ರಸ್ತೆಯ ನಿಯಮ ಹೇಳಿಕೊಟ್ಟವರು ಕಡಿಮೆ.

ಒಂದು ಸನ್ನಿವೇಶ ಯೋಚಿಸಿ

ಹದಿನೈದು ವರ್ಷದ ಹುಡುಗ ಪೇಟೆಗೆ ಹೋಗಿದ್ದಾನೆ. ಸರ್ಕಲ್ಲಿನಲ್ಲಿ ಕೆಂಪು ದೀಪ ಬಿದ್ದಿದೆ. ಬೈಕು, ಲಾರಿ ಎಲ್ಲಾ ನಿಂತಿವೆ. ಇವನು ಸಂದಿಯಲ್ಲಿ ನುಗ್ಗಿ ದಾಟಿಬಿಟ್ಟ. ಪೊಲೀಸಿನವರು ಹ್ಯಾಂಡಲ್ ಹಿಡಿದು ನಿಲ್ಲಿಸಿದರು. ಸಂಜೆ ತಾಯಿ ಸಂಘದಲ್ಲಿ ಕೇಳುತ್ತಾಳೆ: "ಸೈಕಲ್ಲಿಗೆ ಯಾವ ಕಾನೂನು ಅಕ್ಕಾ? ಲೈಸೆನ್ಸ್ ಇಲ್ಲ, ಇನ್ಶೂರೆನ್ಸ್ ಇಲ್ಲ. ನಮ್ಮ ಹುಡುಗನ್ನ ಯಾಕೆ ಹಿಡಿದ್ರು?"

ಆ ತಾಯಿ ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು.

ಸರಿ ಇರುವ ಅರ್ಧ

1988ರ ಮೋಟಾರು ವಾಹನ ಕಾಯ್ದೆ ಮೋಟಾರು ಇರುವ ವಾಹನಗಳಿಗೆ ಮಾಡಿದ್ದು. ತುಳಿಯುವ ಸೈಕಲ್ ಅದರಲ್ಲಿ ಬರುವುದಿಲ್ಲ. ಹಾಗಾಗಿ ಸೈಕಲ್ಲಿಗೆ ಲೈಸೆನ್ಸ್, ನಂಬರ್, ಇನ್ಶೂರೆನ್ಸ್ ಬೇಡ. ಹೆಲ್ಮೆಟ್ ಹಾಕಿಲ್ಲ ಅಂತ ಬೈಕಿನವರಿಗೆ ಹಾಕುವ ದಂಡ ಸೈಕಲ್ಲಿಗೆ ಅನ್ವಯಿಸುವುದಿಲ್ಲ.

ತಪ್ಪಾಗಿರುವ ಅರ್ಧ

ಕೆಂಪು ದೀಪ ಮತ್ತು ಪೊಲೀಸರ ಕೈಸನ್ನೆ ರಸ್ತೆಗೆ ಇಳಿದ ಎಲ್ಲರಿಗೂ. 1963ರ ಕರ್ನಾಟಕ ಪೊಲೀಸ್ ಕಾಯ್ದೆಯಂತೆ ರಸ್ತೆ ಸಂಚಾರ ನಿಯಂತ್ರಿಸುವ ಅಧಿಕಾರ ಪೊಲೀಸರಿಗೆ ಇದೆ. ಇನ್ನೂ ಒಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 281ನೇ ಕಲಂ "ಯಾವುದೇ ವಾಹನ" ಎನ್ನುತ್ತದೆ. ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಓಡಿಸಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೆ ರೂ. 1000ದವರೆಗೆ ದಂಡ, ಇಲ್ಲವೆ ಎರಡೂ. ಇದರಲ್ಲಿ ಸೈಕಲ್ಲಿಗೆ ವಿನಾಯಿತಿ ಇಲ್ಲ.

ಬೇರೆ ದೇಶಗಳಲ್ಲೂ ಹೀಗೆಯೇ. ಜರ್ಮನಿ, ಇಂಗ್ಲೆಂಡಿನಲ್ಲಿ ಕೆಂಪು ದೀಪ ದಾಟಿದ ಸೈಕಲ್ ಸವಾರರಿಗೆ ದಂಡ ಹಾಕುತ್ತಾರೆ. ಅಮೆರಿಕದ ಐಡಾಹೋ ರಾಜ್ಯದಲ್ಲಿ 1982ರಿಂದ ಸೈಕಲ್ಲಿನವರು ಕೆಂಪು ದೀಪದಲ್ಲಿ ನಿಂತು, ಯಾರೂ ಬರುತ್ತಿಲ್ಲವೆಂದು ನೋಡಿಕೊಂಡು ಹೋಗಬಹುದು. ಅಲ್ಲಿಯೂ ಮೊದಲು ನಿಲ್ಲಲೇಬೇಕು.

"ನಮ್ಮ ಹಳ್ಳಿಯಲ್ಲಿ ಕೆಂಪು ದೀಪ ಎಲ್ಲಿದೆ?"

ಹಿರೇನಲ್ಲೂರು ಕಡೆಯ ಅಕ್ಕಂದಿರು ಹೀಗೆ ಕೇಳಬಹುದು. ನಮ್ಮ ಸೀಮೆಯ ದೊಡ್ಡ ಕೆಂಪು ದೀಪ ಅಂದರೆ ರೈಲ್ವೆ ಗೇಟು. ಕಡೂರು, ಬೀರೂರು, ಅಜ್ಜಂಪುರ, ತರೀಕೆರೆ ಎಲ್ಲಾ ರೈಲು ಹಾದಿಯ ಊರುಗಳು. 2013ರಲ್ಲಿ ಕಡೂರಿನಿಂದ ಚಿಕ್ಕಮಗಳೂರಿಗೂ ರೈಲು ಬಂತು. ಗೇಟು ಹಾಕಿದಾಗ ಸೈಕಲ್ ಓರೆ ಮಾಡಿ ಅಡಿಯಲ್ಲಿ ನುಸುಳುವವರನ್ನು ನಾವೆಲ್ಲ ನೋಡಿದ್ದೇವೆ. ಓಡುವ ರೈಲು ಬ್ರೇಕ್ ಹಾಕಿದರೂ ನೂರಾರು ಮೀಟರ್ ಮುಂದೆ ಹೋಗಿಯೇ ನಿಲ್ಲುವುದು. ಒಂದು ರೈಲು ಹೋಯಿತು ಅಂತ ನುಗ್ಗಿದರೆ ಎದುರು ಹಳಿಯಲ್ಲಿ ಇನ್ನೊಂದು ಬರಬಹುದು. ಇದು ಅಪರಾಧವೂ ಹೌದು: ರೈಲ್ವೆ ಜಾಗಕ್ಕೆ ಅನುಮತಿ ಇಲ್ಲದೆ ಹೊಕ್ಕರೆ 1989ರ ರೈಲ್ವೆ ಕಾಯ್ದೆಯ 147ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಜೈಲು ಅಥವಾ ರೂ. 1000ದವರೆಗೆ ದಂಡ ಅಥವಾ ಎರಡೂ ಆಗಬಹುದು.

ಎರಡನೆಯದು ಬೆಂಗಳೂರು–ಶಿವಮೊಗ್ಗ ಹೆದ್ದಾರಿ. ಅಲ್ಲಿ ದೀಪ ಇರಲಿ ಇಲ್ಲದಿರಲಿ, ಅಡ್ಡ ದಾಟುವಾಗ ಕೆಂಪು ದೀಪ ಇದೆ ಅಂತಲೇ ತಿಳಿದು ನಿಂತು ನೋಡಬೇಕು. 2022ರಲ್ಲಿ ನಮ್ಮ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಜನ. ಅವರಲ್ಲಿ ನೂರಕ್ಕೆ ಸುಮಾರು ಮೂರು ಜನ ಸೈಕಲ್ಲಿನವರು.

ಪರಿಹಾರದ ಲೆಕ್ಕ

ಇದನ್ನು ಗಮನವಿಟ್ಟು ಓದಿ. ಬಸ್ಸೋ ಲಾರಿಯೋ ಸೈಕಲ್ಲಿಗೆ ಗುದ್ದಿದರೆ ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಯಲ್ಲಿ ಪರಿಹಾರ ಕೇಳಬಹುದು. ಆದರೆ ಸೈಕಲ್ಲಿನವರೇ ಕೆಂಪು ದೀಪ ದಾಟಿದ್ದರೆ "ಇವರದ್ದೂ ತಪ್ಪಿದೆ" ಅಂತ ಎದುರು ಪಕ್ಷದ ವಕೀಲರು ವಾದಿಸುತ್ತಾರೆ. ಉದಾಹರಣೆಗೆ, ಒಟ್ಟು ಪರಿಹಾರ ಆರು ಲಕ್ಷ ಅಂತ ಲೆಕ್ಕವಾಗಿ, ಮೂರರಲ್ಲಿ ಒಂದು ಪಾಲು ತಪ್ಪು ಸೈಕಲ್ಲಿನವರದ್ದು ಅಂತ ತೀರ್ಮಾನವಾದರೆ, ಕೈಗೆ ಬರುವುದು ನಾಲ್ಕು ಲಕ್ಷ. ದುಡಿಯುವ ಕೈ ಹೋದ ಮನೆಗೆ ಎರಡು ಲಕ್ಷ ಅಂದರೆ ಎಷ್ಟು ವರ್ಷದ ಉಳಿತಾಯ, ನೀವೇ ಲೆಕ್ಕ ಹಾಕಿ. ಒಂದು ನಿಮಿಷ ಕಾಯದ್ದಕ್ಕೆ ಇಷ್ಟು ಬೆಲೆ.

ಅಪಘಾತ ಆದರೆ:
1. ಮೊದಲು 108 ಅಥವಾ 112ಕ್ಕೆ ಫೋನ್ ಮಾಡಿ. ಗುದ್ದಿದ ವಾಹನದ ನಂಬರ್ ಬರೆದುಕೊಳ್ಳಿ.
2. 2025ರ ಮೇ ತಿಂಗಳಲ್ಲಿ ಜಾರಿಯಾದ ಕೇಂದ್ರದ ಯೋಜನೆಯಲ್ಲಿ, ಮೋಟಾರು ವಾಹನದಿಂದ ಗಾಯಗೊಂಡವರಿಗೆ ಗೊತ್ತುಪಡಿಸಿದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ ರೂ. 1.5 ಲಕ್ಷದ ತನಕ ನಗದು ಕೊಡದೆ ಚಿಕಿತ್ಸೆ ಇದೆ. ಕೇಳಿ ಪಡೆಯಿರಿ.
3. ಠಾಣೆಯಲ್ಲಿ ದೂರು ಕೊಟ್ಟು ಎಫ್.ಐ.ಆರ್. ಪ್ರತಿ ಪಡೆಯಿರಿ. ಆಸ್ಪತ್ರೆ ಬಿಲ್ಲು ಜೋಪಾನ ಮಾಡಿ. ಪರಿಹಾರದ ಅರ್ಜಿಯನ್ನು ಆರು ತಿಂಗಳೊಳಗೆ ಹಾಕಿ.
4. ಗುದ್ದಿ ಓಡಿಹೋದ ವಾಹನ ಸಿಗದಿದ್ದರೂ ಸಾವಿಗೆ ರೂ. 2 ಲಕ್ಷ, ತೀವ್ರ ಗಾಯಕ್ಕೆ ರೂ. 50,000 ಪರಿಹಾರ ಇದೆ.
5. ಮಹಿಳೆಯರಿಗೆ ಆದಾಯ ಎಷ್ಟೇ ಇರಲಿ, ಉಚಿತ ವಕೀಲರ ನೆರವು ಉಂಟು. ತಾಲ್ಲೂಕು ಕಾನೂನು ಸೇವಾ ಸಮಿತಿಯಲ್ಲಿ ವಿಚಾರಿಸಿ.

ಪೊಲೀಸರು ನಿಲ್ಲಿಸಿದರೆ

ಓಡಬಾರದು. ಹೆದರಿ ಓಡಿದವರೇ ಹೋಗಿ ಇನ್ನೊಂದು ಗಾಡಿಗೆ ಸಿಕ್ಕುತ್ತಾರೆ. ಸೈಕಲ್ಲಿನಿಂದ ಇಳಿದು, ಓರೆಗೆ ನಿಂತು, ಹೆಸರು ಊರು ಕೇಳಿದರೆ ಹೇಳಬೇಕು. ತಪ್ಪಾಗಿದ್ದರೆ "ತಪ್ಪಾಯ್ತು ಸಾರ್" ಅನ್ನಲು ನಾಚಿಕೆ ಬೇಡ. ದಂಡ ಅಂದರೆ ರಸೀದಿ ಕೇಳಿ; ರಸೀದಿ ಇಲ್ಲದೆ ಹಣ ಕೊಡಬೇಡಿ. ಹಿಂದಿನ ಕಾಲದಲ್ಲಿ ದೀಪ ಇಲ್ಲದ ಸೈಕಲ್ಲಿಗೆ, ಡಬಲ್ ರೈಡಿಂಗಿಗೆ ಗಾಳಿ ಬಿಡುತ್ತಿದ್ದರು ಅಂತ ಹಿರಿಯರು ಹೇಳುತ್ತಾರೆ. ಗಾಳಿ ಬಿಡುವುದಾಗಲೀ ಹೊಡೆಯುವುದಾಗಲೀ ಕಾನೂನಿನಲ್ಲಿ ಬರೆದ ಶಿಕ್ಷೆಯಲ್ಲ. 18 ವರ್ಷದೊಳಗಿನ ಮಕ್ಕಳನ್ನು ಲಾಕಪ್ಪಿನಲ್ಲಿ ಇಡುವಂತಿಲ್ಲ. ತೊಂದರೆಯಾದರೆ ಮಕ್ಕಳ ಸಹಾಯವಾಣಿ 1098 ಇದೆ.

ಒಂದು ಎಚ್ಚರಿಕೆ: ಸೈಕಲ್ ಬೇರೆ, ಬೈಕ್ ಬೇರೆ. ಲೈಸೆನ್ಸ್ ಇಲ್ಲದ ಮಗನಿಗೆ ಬೈಕ್ ಕೊಟ್ಟು ಅವನು ತಪ್ಪು ಮಾಡಿದರೆ, ಪೋಷಕರಿಗೆ ರೂ. 25,000 ದಂಡ ಮತ್ತು ಮೂರು ವರ್ಷದವರೆಗೆ ಜೈಲು ಆಗಬಹುದು.

ಸಭೆಯಲ್ಲಿ ಚರ್ಚಿಸೋಣ

* ನಮ್ಮ ಸಂಘದ ಎಷ್ಟು ಮನೆಗಳಲ್ಲಿ ಸೈಕಲ್ ಇದೆ? ಎಷ್ಟಕ್ಕೆ ಬ್ರೇಕ್, ಬೆಲ್ಲು ಸರಿ ಇದೆ?
* ಮಕ್ಕಳು ಶಾಲೆಗೆ ಹೋಗುವ ದಾರಿಯಲ್ಲಿ ಅಪಾಯದ ಜಾಗ ಯಾವುದು? ಅಲ್ಲಿ ಹಂಪ್ ಅಥವಾ ಫಲಕ ಬೇಕು ಅಂತ ಗ್ರಾಮ ಪಂಚಾಯಿತಿಗೆ ಅರ್ಜಿ ಕೊಡೋಣವೇ?
* ಗೇಟು ಹಾಕಿದಾಗ, ದೀಪ ಬಿದ್ದಾಗ ನಾವು ದೊಡ್ಡವರು ನಿಲ್ಲುತ್ತೇವೆಯೇ?

ಕೊನೆಯ ಪ್ರಶ್ನೆಗೆ ಪ್ರಾಮಾಣಿಕವಾಗಿ ಉತ್ತರ ಹೇಳಿ. ತಾಯಿ ಗೇಟಿನ ಅಡಿ ನುಸುಳಿದರೆ ಮಗ ನಿಲ್ಲುತ್ತಾನೆಯೇ? ಈ ವಾರ ಮನೆಯ ಸೈಕಲ್ಲಿನ ಹಿಂದೆ ಹೊಳೆಯುವ ಕೆಂಪು ಸ್ಟಿಕ್ಕರ್ ಅಂಟಿಸಿ, ಬ್ರೇಕ್ ಬಿಗಿ ಮಾಡಿಸಿ. ಮುಂದಿನ ಸಭೆಯಲ್ಲಿ ಎಷ್ಟು ಜನ ಮಾಡಿದಿರಿ ಅಂತ ನಿರ್ಣಯ ಪುಸ್ತಕದಲ್ಲಿ ಬರೆಯೋಣ.