ಯಂತ್ರದ ನಡತೆಗೆ ಗಣಿತದ ಸಾಕ್ಷಿ: ಸಂಶೋಧನೆಯ ಒಂದು ಹೊಸ ದಾರಿ

ಬಸವಕಲ್ಯಾಣ ಹಾಗೂ ಹುಮನಾಬಾದ್‌ಗಳ ನಡುವಿನ ರಾಜೇಶ್ವರದ ಪರಿಸರವು ತೊಗರಿಯ ನಾಡು. ಆದುದರಿಂದ ಬೇಳೆ ಗಿರಣಿಯೊಂದರ ಉದಾಹರಣೆಯಿಂದಲೇ ಈ ಪಾಠವನ್ನು ಆರಂಭಿಸೋಣ.

ರೋಲರ್‌ನಲ್ಲಿ ಸಿಲುಕಿದ ಕಾಳನ್ನು ತೆಗೆಯಲು ಕಾರ್ಮಿಕನು ಮುಚ್ಚಳವನ್ನು ತೆರೆದಿದ್ದಾನೆ. ಅಷ್ಟರಲ್ಲಿ ವಿದ್ಯುತ್ ಹೋಗಿದೆ. ಸ್ವಿಚ್ಚು ಮಾತ್ರ ಚಾಲೂ ಸ್ಥಿತಿಯಲ್ಲೇ ಉಳಿದಿದೆ. ವಿದ್ಯುತ್ ಮರಳಿದ ಕ್ಷಣದಲ್ಲಿ ರೋಲರ್ ತಿರುಗುವುದೇ? ಆತನ ಕೈ ಉಳಿಯುವುದು ಈ ಒಂದು ಪ್ರಶ್ನೆಯ ಉತ್ತರವನ್ನು ಅವಲಂಬಿಸಿದೆ.

ಪರೀಕ್ಷೆ ಏಕೆ ಸಾಲದು?

ಯಂತ್ರ ಮಾರಿದವರು ಮುಚ್ಚಳವನ್ನೂ ಸ್ವಿಚ್ಚನ್ನೂ ಬೇರೆ ಬೇರೆಯಾಗಿ ಪರೀಕ್ಷಿಸಿರಬಹುದು. ಆದರೆ ಅಪಾಯವಿರುವುದು ಇವೆಲ್ಲವೂ ಏಕಕಾಲಕ್ಕೆ ಕೂಡಿದಾಗ. ಮೂರು ಸ್ವಿಚ್ಚುಗಳಿದ್ದರೆ 8 ಸ್ಥಿತಿಗಳು, ಇಪ್ಪತ್ತಿದ್ದರೆ 10,48,576. ಒಂದೊಂದಕ್ಕೆ 10 ಸೆಕೆಂಡು ಹಿಡಿದರೂ ಹಗಲಿರುಳು 121 ದಿನಗಳು ಬೇಕು.

ಇಲ್ಲಿ ನೆರವಿಗೆ ಬರುವುದೇ ಫಾರ್ಮಲ್ ಮೆಥಡ್ಸ್ ಎಂಬ ಶಾಸ್ತ್ರ. ‘ಮುಚ್ಚಳ ತೆರೆದಿರುವಾಗ ರೋಲರ್ ಎಂದಿಗೂ ತಿರುಗಕೂಡದು’ ಎಂಬ ನಿಯಮವನ್ನು ತರ್ಕದ ಭಾಷೆಯಲ್ಲಿ ಬರೆದುಕೊಟ್ಟರೆ, ಗಣಕವು ಸಕಲ ಸ್ಥಿತಿಗಳನ್ನೂ ಶೋಧಿಸಿ, ನಿಯಮ ಮುರಿಯುವ ಸಂದರ್ಭವಿದ್ದರೆ ಅದನ್ನು ಹಂತಹಂತವಾಗಿ ತೋರಿಸುತ್ತದೆ. ಮಾಡೆಲ್ ಚೆಕಿಂಗ್ ಎಂಬ ಈ ವಿಧಾನಕ್ಕಾಗಿ ಕ್ಲಾರ್ಕ್, ಎಮರ್ಸನ್ ಮತ್ತು ಸಿಫಾಕಿಸ್ ಅವರಿಗೆ 2007ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ನಿಯಮಗಳಿಂದಲೇ ನಿಯಂತ್ರಣದ ಪ್ರೋಗ್ರಾಮನ್ನು ರಚಿಸುವುದು ಇದರ ಮುಂದಿನ ಹೆಜ್ಜೆ.

ಉಪೇಕ್ಷೆಯ ಬೆಲೆಯೂ ದೊಡ್ಡದು. 1994ರಲ್ಲಿ ಪೆಂಟಿಯಮ್ ಚಿಪ್‌ನ ಭಾಗಾಕಾರದಲ್ಲಿ ದೋಷ ಕಂಡುಬಂದಾಗ ಇಂಟೆಲ್ ಸಂಸ್ಥೆಯು 47.5 ಕೋಟಿ ಡಾಲರ್ ವೆಚ್ಚವನ್ನು ಭರಿಸಬೇಕಾಯಿತು. ಪ್ಯಾರಿಸ್‌ನಲ್ಲಿ 1998ರಲ್ಲಿ ಆರಂಭವಾದ ಚಾಲಕರಹಿತ 14ನೇ ಮೆಟ್ರೊ ಮಾರ್ಗದ ಸುರಕ್ಷಾ ತಂತ್ರಾಂಶವನ್ನಾದರೋ ಗಣಿತದ ಸಾಧನೆಯೊಂದಿಗೇ ರಚಿಸಲಾಯಿತು.

ಮಕ್ಕಳಿಗೆ ದಾರಿ

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1969ರಲ್ಲಿ ಸ್ಕೂಲ್ ಆಫ್ ಆಟೊಮೇಷನ್ ಆಗಿ ಹುಟ್ಟಿದ ವಿಭಾಗವು ಇಂದು ಗಣಕ ವಿಜ್ಞಾನ ಹಾಗೂ ಸ್ವಯಂಚಾಲನೆಯ ವಿಭಾಗವಾಗಿ ಈ ಸಂಶೋಧನೆಯನ್ನು ನಡೆಸುತ್ತಿದೆ. ಆಟೊಮ್ಯಾಟ ಸಿದ್ಧಾಂತ ಮತ್ತು ಕಂಪೈಲರ್‌ಗಳನ್ನು ಬೋಧಿಸಿದ ಪ್ರೊ. ಪ್ರೀತಿ ಶಂಕರ್ ಅವರು ಇಲ್ಲಿಯೇ ಸೇವೆ ಸಲ್ಲಿಸಿ 2011ರಲ್ಲಿ ನಿಧನರಾದರು. ನಮ್ಮ ಊರುಗಳ ಮೂಲಕ ಹಾಯುವ ರಾಷ್ಟ್ರೀಯ ಹೆದ್ದಾರಿ 65ರಲ್ಲೇ ಮುಂದೆ ಸಾಗಿದರೆ ಕಂದಿಯಲ್ಲಿ ಹೈದರಾಬಾದ್ ಐಐಟಿ ಸಿಗುತ್ತದೆ.

ಬೀದರ್, ಭಾಲ್ಕಿ ಅಥವಾ ಬಸವಕಲ್ಯಾಣದಲ್ಲಿ ಬಿ.ಇ. ಮುಗಿಸಿದ ವಿದ್ಯಾರ್ಥಿಯು ಗೇಟ್ ಪರೀಕ್ಷೆಯ ಮೂಲಕ ಇಂತಹ ಸಂಸ್ಥೆಗಳನ್ನು ಸೇರಬಹುದು. ತರ್ಕಶಾಸ್ತ್ರ ಮತ್ತು ಡಿಸ್‌ಕ್ರೀಟ್ ಗಣಿತಗಳಲ್ಲಿ ಹಿಡಿತವಿರುವುದು ಅಗತ್ಯ. ಪಿಎಚ್.ಡಿ.ಗೆ ಸುಮಾರು ಐದು ವರ್ಷ ಹಿಡಿಯುತ್ತದೆ. ಆ ಅವಧಿಯಲ್ಲಿ ಶಿಷ್ಯವೇತನ ಲಭ್ಯ. ಬಳಿಕ ಬೋಧನೆಯಲ್ಲದೆ ಚಿಪ್, ವಿಮಾನ ಹಾಗೂ ರೈಲು ಸಂಕೇತಗಳ ಉದ್ಯಮಗಳಲ್ಲಿಯೂ ಅವಕಾಶಗಳಿವೆ. ಅಂಗಡಿಯನ್ನೋ ಗಿರಣಿಯನ್ನೋ ಮಗ, ಮಗಳೇ ವಹಿಸಿಕೊಳ್ಳಲೆಂಬ ಆಸೆ ಸಹಜವಾದುದು. ಆದರೆ ಐದು ವರ್ಷ ಕಾಯುವ ಧೈರ್ಯವನ್ನು ಮೊದಲು ತೋರಬೇಕಾದವರು ತಂದೆತಾಯಿಗಳೇ.

ಉದ್ಯಮಿಗಳು ಮಾಡಬೇಕಾದುದು

ಗಣಿತದ ಸಾಕ್ಷಿಗೂ ಮಿತಿಯುಂಟು. ಮುಚ್ಚಳದ ಸ್ವಿಚ್ಚೇ ಕೆಟ್ಟಿದ್ದರೆ ಅದು ಕಾಪಾಡಲಾರದು. ಆದರೂ ಸ್ವಯಂಚಾಲಿತ ಯಂತ್ರವನ್ನು ಕೊಳ್ಳುವ ಮೊದಲು ‘ಎಂದಿಗೂ ಆಗಕೂಡದ’ ಸಂಗತಿಗಳನ್ನು ಒಂದು ಹಾಳೆಯಲ್ಲಿ ಬರೆದು ಮಾರಾಟಗಾರರ ಸಹಿ ಪಡೆಯಿರಿ. ವಿದ್ಯುತ್ ಮರಳಿದಾಗ ಯಂತ್ರ ತಾನಾಗಿ ಚಾಲೂ ಆಗಬಾರದೆಂಬುದು ಮೊದಲ ಸಾಲಾಗಿರಲಿ. ಈ ಶಾಸ್ತ್ರದ ಆರಂಭವೂ ಅಂತಹ ಹಾಳೆಯಿಂದಲೇ.