ಮಡ್ಡಿ ಬೋಳಾಗಲು ಕುರಿಯೊಂದೇ ಕಾರಣವೇ?

ಪ್ರಶ್ನೆ: ಹಿಮಸಾರಂಗ ಸಾಕುವ ನಾಡುಗಳಲ್ಲಿ ಮೇವಿನ ನೆಲ ಕಾಯಲು ಕಾನೂನೇ ಇದೆಯಂತೆ. ನಮ್ಮ ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಕುರಿಗಳು ಮಡ್ಡಿಯನ್ನೆಲ್ಲ ಬೋಳು ಮಾಡುತ್ತಿವೆ. ಅಂಥ ಕಟ್ಟುಪಾಡು ಇಲ್ಲಿಗೂ ಬೇಡವೇ?
— ಓದುಗರೊಬ್ಬರು, ಮೂಡಲಗಿ

ಉತ್ತರ: ಬೇಕು. ಆದರೆ ಕುರಿಗಳ ತಲೆ ಎಣಿಸುವ ಮೊದಲು ಅವು ನಡೆಯುವ ದಾರಿ ಉಳಿಸಬೇಕು.

ಫಿನ್ಲೆಂಡಿನಲ್ಲಿ ಹಿಮಸಾರಂಗ ಸಾಕುವವರ 54 ಸಂಘಗಳಿವೆ. ಚಳಿಗಾಲಕ್ಕೆ ಯಾವ ಸಂಘ ಎಷ್ಟು ಪ್ರಾಣಿ ಉಳಿಸಿಕೊಳ್ಳಬಹುದೆಂದು ಸರ್ಕಾರ ಗೊತ್ತುಮಾಡುತ್ತದೆ; ಇಡೀ ದೇಶದ ಮಿತಿ 2 ಲಕ್ಷದ ಆಸುಪಾಸು. ಅಲ್ಲಿ ಚಳಿಗಾಲದ ಮುಖ್ಯ ಮೇವು ಕಲ್ಲುಹೂವಿನ ಜಾತಿಯದು. ಒಮ್ಮೆ ಪೂರ್ತಿ ಮೇಯಿಸಿಬಿಟ್ಟರೆ ಅದು ಮತ್ತೆ ಬೆಳೆಯಲು ದಶಕಗಳೇ ಹಿಡಿಯುತ್ತವೆ. ನಮ್ಮ ಮಡ್ಡಿ ಹಾಗಲ್ಲ, ನಾಲ್ಕು ಹದ ಮಳೆ ಬಿದ್ದರೆ ಹಸಿರಾಗುತ್ತದೆ. ಬೀಜ ಕಟ್ಟುವಷ್ಟು ಬಿಡುವು ಮಾತ್ರ ಸಿಗಬೇಕು. ಕುರಿ ನೆಲಕ್ಕೆ ಬಾಯಿ ಹಚ್ಚಿ ಮೇಯುವುದರಿಂದ, ದಿನವೂ ಅದೇ ಜಾಗಕ್ಕೆ ಬಂದರೆ ಚಿಗುರು ತಲೆ ಎತ್ತುವುದಿಲ್ಲ.

ಆ ಬಿಡುವು ಕುರುಬರ ತಿರುಗಾಟದಲ್ಲೇ ಇತ್ತು. ಮಳೆಗಾಲದಲ್ಲಿ ಎರೆಮಣ್ಣು ಗೊರಸಿಗೆ ಮೆತ್ತಿ ಕಾಲು ಕೊಳೆಯುತ್ತದೆಂದು ಹಿಂಡನ್ನು ಗರಸು ನೆಲಕ್ಕೆ ಹೊಡೆಯುತ್ತಿದ್ದರು. ಒಂದೇ ಊರಲ್ಲಿ ಬೀಡುಬಿಡದೆ ಮುಂದೆ ಸಾಗುತ್ತಿದ್ದರು. ಸುಗ್ಗಿ ಮುಗಿದರೆ ಹೊಲಗಳ ಸರದಿ. ರೈತರು ಕಾಳೋ ದುಡ್ಡೋ ಕೊಟ್ಟು ಈಗಲೂ ಕುರಿ ತರುಬಿಸುತ್ತಾರೆ. ಸಂಜೆ ಗೂಟ ನೆಟ್ಟು ಬಲೆ ಕಟ್ಟಿ ಹಿಂಡನ್ನು ಒಳಗೆ ಕೂಡುತ್ತಾರೆ. ಮರುದಿನ ಬಲೆ ಪಕ್ಕದ ಪಟ್ಟಿಗೆ ಸರಿಯುತ್ತದೆ. ಹಿಕ್ಕೆ, ಗಂಜಲ ಹೊಲದ ತುಂಬ ಸಮನಾಗಿ ಬೀಳುತ್ತವೆ.

ಕೆಟ್ಟದ್ದು ಈ ಲೆಕ್ಕ. ಹಿಡಕಲ್ ಜಲಾಶಯ, ಘಟಪ್ರಭೆಯ ಕಾಲುವೆ ನೀರು ಬಂದಲ್ಲೆಲ್ಲ ಕಬ್ಬು ಬಂತು. ಕಬ್ಬು ವರ್ಷವಿಡೀ ನಿಲ್ಲುವ ಬೆಳೆ. ಕಟಾವಾದರೂ ಕೂಳಿ ಚಿಗುರುವುದರಿಂದ ಕುರಿ ಬಿಡುವಂತಿಲ್ಲ. ಮೇಯುವ ಹೊಲ ಕಡಿಮೆಯಾದಷ್ಟೂ ಭಾರವೆಲ್ಲ ಉಳಿದ ಮಡ್ಡಿಯ ಮೇಲೆ ಬೀಳುತ್ತದೆ.

ಏನು ಮಾಡಬಹುದು? 1966ರ ಕರ್ನಾಟಕ ಭೂಕಂದಾಯ ನಿಯಮಗಳು 100 ದನಗಳಿಗೆ 12 ಹೆಕ್ಟೇರ್ ಗೋಮಾಳ ಇರಬೇಕೆನ್ನುತ್ತವೆ. ಮೊದಲು ನಿಮ್ಮೂರ ಗೋಮಾಳ ಅಳತೆ ಮಾಡಿಸಿ, ಒತ್ತುವರಿ ತೆರವಾಗಲಿ. ಪಂಚಾಯಿತಿಯವರೂ ಕುರಿಗಾರರೂ ಕೂತು ಮಡ್ಡಿಯನ್ನು ಮೂರು ಪಾಲು ಮಾಡಿ, ವರ್ಷಕ್ಕೊಂದು ಪಾಲನ್ನು ಜೂನಿನಿಂದ ಹುಲ್ಲು ಬೀಜ ಉದುರಿಸುವ ತನಕ ಮುಚ್ಚಿಡಲಿ. ಕೊನೆಯ ಕೂಳಿ ತೆಗೆದ ಹೊಲದಲ್ಲಿ ಹೊಸ ನಾಟಿಗೆ ಮುಂಚೆ ಕುರಿ ತರುಬಿಸಲಿ.

ಹುಲ್ಲು ಹೋಗಿ, ದನಕುರಿ ಮುಟ್ಟದ ತಂಗಡಿ ಗಿಡವೇ ಹಬ್ಬಿದ್ದರೆ ಮೇಯಿಸಿದ್ದು ಅತಿಯಾಯಿತೆಂದು ತಿಳಿಯಿರಿ. ಮೂರೂ ಪಾಲಿಗೆ ಒಂದೊಂದು ಮಳೆಗಾಲದ ಬಿಡುವು ಸಿಕ್ಕ ಮೇಲೂ ಹುಲ್ಲು ಮರಳದಿದ್ದರೆ, ಆಗ ಹಿಂಡಿಗೆ ಮಿತಿ ಹಾಕೋಣ.