ಧಾರಾವಿಯ ಮಗ್ಗುಲ ಕಾಡಿನಲ್ಲಿ ಒಂದು ಮುಂಜಾನೆ

ಮಕ್ಕಳಿಗೆ ರಜೆ ಸಿಕ್ಕಿತೆಂದರೆ ಧಾರಾವಿಯ ಮನೆಗಳಲ್ಲಿ ಮೊದಲು ಕೇಳಿಬರುವ ಹೆಸರು ಜುಹೂ ಚೌಪಾಟಿ, ಇಲ್ಲವೇ ರಾಣಿಬಾಗ್. ಸಾಯನ್–ಬಾಂದ್ರಾ ಲಿಂಕ್ ರೋಡಿಗೇ ಹೊಂದಿಕೊಂಡಿರುವ ಮಹಾರಾಷ್ಟ್ರ ನೇಚರ್ ಪಾರ್ಕ್ ಎಷ್ಟೋ ಜನರ ಲೆಕ್ಕಕ್ಕೇ ಬಂದಿಲ್ಲ. ಮಾಹಿಮ್ ನೇಚರ್ ಪಾರ್ಕ್ ಅನ್ನುವುದೂ ಇದನ್ನೇ. ಸುಮಾರು 37 ಎಕರೆ ಮರಗಿಡ, ಬೆನ್ನಿಗೆ ಮೀಠಿ ನದಿ.

ಮೊದಲು ಕಾಲ ನೋಡಿಕೊಳ್ಳಿ. ಚಿಟ್ಟೆ ಬೇಕೆಂದರೆ ಮಳೆ ಹಿಂದೆಗೆದ ಮೇಲಿನ ವಾರಗಳೇ ಸೈ. ಮೇ ತಿಂಗಳ ಸೆಕೆಯಲ್ಲಿ ಚಿಕ್ಕವರನ್ನು ಕರೆದೊಯ್ಯುವುದು ಬೇಡ. ಆ ದಿನ ತೆರೆದಿದೆಯೇ, ಎಷ್ಟಕ್ಕೆ ಮುಚ್ಚುತ್ತಾರೆ ಎಂದು ವಿಚಾರಿಸಿಕೊಂಡು ಬೆಳಿಗ್ಗೆಯೇ ಹೊರಡಿ. ದೂರದವರು ಸಾಯನ್ ಸ್ಟೇಷನ್ನಿನಲ್ಲಿ ಇಳಿದು ಧಾರಾವಿ ಡಿಪೋ ಕಡೆಯ ಬೆಸ್ಟ್ ಬಸ್ ಹಿಡಿಯಬಹುದು. 2025ರಿಂದ ಮೆಟ್ರೋ 3ರ ಧಾರಾವಿ ನಿಲ್ದಾಣವೂ ಇದೆ.

ಚೀಲಕ್ಕೆ ಹೆಚ್ಚೇನೂ ಬೇಡ: ನೀರು, ಟೋಪಿ, ಸೊಳ್ಳೆಗೆ ಓಡೋಮಾಸ್, ತುಂಬು ತೋಳಿನ ಅಂಗಿ. ರೊಟ್ಟಿ–ಶೇಂಗಾ ಚಟ್ನಿಯ ಡಬ್ಬಿ ಒಯ್ದರೆ ಎಲ್ಲಿ ತಿನ್ನಬಹುದೆಂದು ಗೇಟಿನಲ್ಲೇ ಕೇಳಿ. ಕ್ರಿಕೆಟ್ ಬ್ಯಾಟು, ಬ್ಲೂಟೂತ್ ಸ್ಪೀಕರು ಮನೆಯಲ್ಲೇ ಇರಲಿ. ಜೋಕಾಲಿ, ಜಾರುಬಂಡೆ ಸಿಗುವ ಜಾಗವಲ್ಲ ಇದು ಎಂದು ಮಕ್ಕಳಿಗೆ ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ ಹತ್ತೇ ನಿಮಿಷಕ್ಕೆ ‘ಮನೆಗೆ ಹೋಗೋಣ’ ಶುರುವಾಗುತ್ತದೆ.

ಒಳಗೆ ಕಾಲಿಟ್ಟ ಕೂಡಲೇ ಹೇಳಬೇಕಾದ ಕಥೆ ಅವರ ಕಾಲಡಿಯಲ್ಲೇ ಇದೆ. ಇದು ಮುಂಬಯಿಯ ಕಸ ಸುರಿಯುತ್ತಿದ್ದ ಜಾಗ. 1970ರ ದಶಕದ ಕೊನೆಗೆ ಸುರಿಯುವುದು ನಿಂತಿತು. ಪಕ್ಷಿತಜ್ಞ ಸಲೀಂ ಅಲಿ 1983ರಲ್ಲಿ ಇಲ್ಲಿ ಮೊದಲ ಸಸಿ ನೆಟ್ಟರು. 1994ರ ಏಪ್ರಿಲ್ 22ರಂದು, ಭೂಮಿ ದಿನದಂದೇ, ಜನರಿಗೆ ತೆರೆಯಿತು. ‘ಕಸದ ಮೇಲೆ ಮರ ಹೇಗೆ ಬಂತು?’ ಎಂದು ಮಗು ಕೇಳಿದರೆ ಹೋದದ್ದು ಸಾರ್ಥಕ. ಕಸದ ಮೇಲೆ ಮಣ್ಣು ಹರಡಿದರು, ಗಟ್ಟಿ ಜೀವದ ಸಸಿಗಳನ್ನು ನೆಟ್ಟರು, ಉದುರಿದ ಎಲೆ ವರ್ಷವರ್ಷ ಕೊಳೆತು ಮಣ್ಣಾಯಿತು ಎಂದರೆ ಸಾಕು.

ಆಮೇಲೆ ನಡಿಗೆ ನಿಧಾನ ಮಾಡಿ. ಎಲ್ಲವನ್ನೂ ನೋಡಿ ಮುಗಿಸುವ ಹಟ ಬೇಡ, ಒಂದೇ ಗಿಡದ ಮುಂದೆ ಕುಕ್ಕರುಗಾಲಲ್ಲಿ ಕೂತರೂ ಆದೀತು. ಶನಿವಾರ ಹನುಮಪ್ಪನಿಗೆ ಹಾರ ಹಾಕುತ್ತಾರಲ್ಲ, ಆ ಎಕ್ಕದ ಗಿಡ ಕಂಡರೆ ಎಲೆಯ ಅಡಿಭಾಗ ಬಗ್ಗಿ ನೋಡಿ. ಕಪ್ಪು, ಬಿಳಿ, ಹಳದಿ ಪಟ್ಟೆಯ ಹುಳ ಇದ್ದರೆ ಅದು ಪ್ಲೇನ್ ಟೈಗರ್ ಚಿಟ್ಟೆಯ ಮರಿ. ಎಕ್ಕದ ವಿಷವನ್ನು ಮೈಯಲ್ಲೇ ಕೂಡಿಟ್ಟುಕೊಳ್ಳುವುದರಿಂದ ಹಕ್ಕಿಗಳು ಅದರ ತಂಟೆಗೆ ಹೋಗುವುದಿಲ್ಲ. ಎಲೆ ಕೀಳಲು ಮಾತ್ರ ಬಿಡಬೇಡಿ. ಅದರ ಹಾಲು ಕಣ್ಣಿಗೆ ಬಿದ್ದರೆ ಆಸ್ಪತ್ರೆ ದಾರಿಯೇ.

ನದಿ ಕಡೆ ಕಾಂಡ್ಲಾ ಗಿಡಗಳಿವೆ. ಕೆಸರಿನಿಂದ ಪೆನ್ಸಿಲ್ ನೆಟ್ಟಂತೆ ಎದ್ದು ನಿಂತವು ಅವುಗಳ ಉಸಿರಾಟದ ಬೇರು. ಇಳಿತದ ಹೊತ್ತಿಗೆ ಮೀಠಿ ನಾರುತ್ತದೆ, ಮುಚ್ಚಿಡುವುದೇನು? ಚರಂಡಿ ನೀರು, ಕಾರ್ಖಾನೆಯ ಹೊಲಸು ಎಲ್ಲ ಅದರ ಪಾಲಿಗೇ ಬಂದಿದೆ. ನೀರು ಮುಟ್ಟಿಸಬೇಡಿ.

ಲಿಂಕ್ ರೋಡಿನಲ್ಲಿ ಸಂಜೆಯ ಟ್ರಾಫಿಕ್ ಕಟ್ಟಿಕೊಳ್ಳುವ ಮುಂಚೆ ಹೊರಬಿದ್ದರೆ ಬಸ್ಸಿನಲ್ಲಿ ಕೂರಲು ಸೀಟಾದರೂ ಸಿಕ್ಕೀತು.